ಮಾಲೆ ಹಾಕಿದಾಗ ಬಿಡೋದು, ಬಿಚ್ಚಿದಾಗ ಶುರು ಮಾಡೋದು: ಇದನ್ನ ಸಂಯಮ ಅನ್ನಬೇಕಾ?

ಕೆರೆಏರಿ_ಹುಡುಗ

ನೇರವಾಗಿ ಕೇಳುತ್ತೇನೆ. ವರ್ಷದಲ್ಲಿ ಒಂದೂವರೆ ತಿಂಗಳು ಹನಿಯೂ ಮುಟ್ಟದೆ ಇದ್ದು, ಮಿಕ್ಕ ದಿನವೆಲ್ಲ ರಾತ್ರಿ ಗೇಟಿನ ಚಿಲಕ ಸಿಗದೆ ತಡಕಾಡುವವನನ್ನು ಸಂಯಮ ಇರುವ ಮನುಷ್ಯ ಅಂತ ಕರೆಯಬಹುದಾ?

ನಮ್ಮ ದೊಡ್ಡಪ್ಪನ ಮಗ ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತಾನೆ. ನವೆಂಬರ್ ಮಧ್ಯದಲ್ಲಿ ಮಂಡಲ ಕಾಲ ಶುರುವಾಗುತ್ತಿದ್ದ ಹಾಗೆ ಕಪ್ಪು ಪಂಚೆ, ಕೊರಳಿಗೆ ತುಳಸಿ ಮಾಲೆ. ವ್ರತ 41 ದಿನದ್ದು, ನಮ್ಮೂರಲ್ಲಿ 48 ಅಂತ ರೂಢಿ. ಅಷ್ಟೂ ದಿನ ಬೀಡಿ ಇಲ್ಲ, ಬಾಟ್ಲಿ ಇಲ್ಲ, ಬಾಡೂಟ ಇಲ್ಲ, ಬಾಯಲ್ಲಿ ಒಂದು ಕೆಟ್ಟ ಮಾತೂ ಇಲ್ಲ. ಮನೆಯವರೆಲ್ಲ ಹೊಗಳುತ್ತಾರೆ. "ಎಷ್ಟು ಹಿಡಿತ ನೋಡು ಅವನಿಗೆ" ಅಂತ ನನಗೇ ಹೇಳುತ್ತಾರೆ, ನಾನು ಕುಡಿಯುವವನೇ ಅಲ್ಲ! ಶಬರಿಮಲೆಯಿಂದ ಬಂದು ಮಾಲೆ ಬಿಚ್ಚಿದ ಸಂಜೆ ಅವನು ಎಲ್ಲಿರುತ್ತಾನೆ ಅನ್ನೋದು ಇಡೀ ಬೀದಿಗೆ ಗೊತ್ತು.

ನನ್ನ ಲೆಕ್ಕದಲ್ಲಿ ಇದು ಕುಡಿತಕ್ಕೆ ಕೊಟ್ಟ ರಜೆ. ವ್ರತ, ಉಪವಾಸ, ಒಪ್ಪತ್ತು, ನೇಮ, ಪಥ್ಯ, ಹರಕೆ ಅಂತ ನಮ್ಮಲ್ಲಿ ಎಷ್ಟೊಂದು ಇವೆ, ಎಲ್ಲದಕ್ಕೂ ಸಂಯಮ ಅಂತ ಹೆಸರು ಕೊಟ್ಟು ಕೈ ಮುಗಿಯುತ್ತೇವೆ. ಪಥ್ಯ ಮಾಡುವವನು ಡಾಕ್ಟರಿಗೆ ಹೆದರಿ ಬಿಟ್ಟಿರುತ್ತಾನೆ. ಹರಕೆ ಹೊತ್ತವನು ದೇವರ ಜೊತೆ ಕೊಡುಕೊಳ್ಳುವ ಮಾತಾಡಿರುತ್ತಾನೆ. ಯಾರ ಭಯವೂ ಇಲ್ಲದೆ, ಯಾರೂ ನೋಡದೆ ಇದ್ದಾಗಲೂ ಸಾಕು ಅಂತ ನಿಲ್ಲಿಸೋದು ಇದೆಯಲ್ಲ, ನಾನು ಅದಕ್ಕೆ ಮಾತ್ರ ಸಂಯಮ ಅನ್ನುತ್ತೇನೆ. ಏನಂತೀರಾ?

ಬಯಲುಸೀಮೆ_ಗೌಡ

ಸ್ವಾಮಿಯೇ ಶರಣಂ. ಮಾತಾಡೋದು ಸುಲಭ ತಮ್ಮಾ. ಒಂದು ಸಲ ಮಾಲೆ ಹಾಕಿ ನೋಡು.

ಡಿಸೆಂಬರ್ ಚಳಿಯಲ್ಲಿ ಬೆಳಗಿನ ಜಾವ ತಣ್ಣೀರು ಸ್ನಾನ. ಸಂಜೆ ಮತ್ತೆ ಸ್ನಾನ, ಆಮೇಲೆ ಭಜನೆ. ಕಾಲಿಗೆ ಚಪ್ಪಲಿ ಇಲ್ಲ, ಮಲಗೋಕೆ ಚಾಪೆ, ಗಡ್ಡ ತೆಗೆಯೋ ಹಾಗಿಲ್ಲ, ಹೆಂಡತಿಯಿಂದ ದೂರ. ನಾನು ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಗ್ರೀಸು, ಕಬ್ಬಿಣದ ಚೂರು ಬಿದ್ದಿರೋ ನೆಲದ ಮೇಲೆ ಬರಿಗಾಲಲ್ಲೇ ಓಡಾಡಿದ್ದೇನೆ. ಆದರೆ ನಿಜವಾದ ಕಷ್ಟ ಅದ್ಯಾವುದೂ ಅಲ್ಲ, ಕೋಪ. ಎದುರಿಗೆ ಬಂದವರನ್ನೆಲ್ಲ ಸ್ವಾಮಿ ಅನ್ನಬೇಕು. ಹದಿನೆಂಟು ನಂಬರ್ ಸ್ಪ್ಯಾನರ್ ಕಳೆದು ಹಾಕಿದ ಹುಡುಗನಿಗೂ "ಸ್ವಾಮಿ, ಸ್ಪ್ಯಾನರ್ ಎಲ್ಲಿಟ್ರಿ ಸ್ವಾಮಿ" ಅಂತಲೇ ಕೇಳಬೇಕು. ಅಷ್ಟು ಹೇಳಿದ ಮೇಲೆ ಬೈಗುಳ ಬಾಯಿಗೆ ಬರೋದೇ ಇಲ್ಲ. ಬಂದರೂ ನಗು ಬರುತ್ತೆ.

ರಜೆ ಅಂದೆಯಲ್ಲ, ರಜೆಯಲ್ಲಿ ಯಾರಾದರೂ ಇಷ್ಟು ಒದ್ದಾಡುತ್ತಾರಾ?

ಅಡಿಗೆಮನೆ_ಅತ್ತಿಗೆ

ಗೌಡ್ರೇ, ಆ ತಣ್ಣೀರು ಸ್ನಾನಕ್ಕೆ ನೀವು ಏಳೋ ಮುಂಚೆ ಯಾರು ಎದ್ದಿರುತ್ತಾರೆ ಅಂತಾನೂ ಸ್ವಲ್ಪ ಬರೀರಿ.

ನಮ್ಮನೆಯವರು ಮಾಲೆ ಹಾಕಿದರೆ ಪಾತ್ರೆ ಬೇರೆ, ಒಲೆ ಬೇರೆ, ಬೆಳಗ್ಗೆ ಅವರ ಪೂಜೆಗೆ ಮುಂಚೆ ಅಡಿಗೆಮನೆ ಒರೆಸಿ ರಂಗೋಲಿ ಹಾಕಿರಬೇಕು. ಈರುಳ್ಳಿ ಬೆಳ್ಳುಳ್ಳಿ ಅವರಿಗೆ ಬೇಡ, ಮಕ್ಕಳಿಗೆ ಬೇಕು, ಎರಡು ಸಲ ಅಡಿಗೆ. ತಿಂಗಳ ಆ ದಿನಗಳಲ್ಲಿ ನಾನು ತಂಗಿ ಮನೆಗೆ ಹೋಗಬೇಕು, ಮಗಳು ದೊಡ್ಡವಳಾದ ಮೇಲೆ ಅವಳೂ ಬ್ಯಾಗು ಹಿಡಿದು ಹೊರಡಬೇಕು, ಪರೀಕ್ಷೆ ಇದ್ದರೂ. ವ್ರತ ಅವರದು, ನೇಮ ನಮ್ಮದು. ಹೊಗಳಿಕೆ ಯಾರಿಗೆ ಅಂತ ಬೇರೆ ಹೇಳಬೇಕಾ.

ಹಾಗಂತ ಕೆರೆಏರಿ ತಮ್ಮನ ಪಕ್ಷ ಅಂದ್ಕೋಬೇಡಿ. ಕಾರ್ತಿಕ ಬರಲಿ ಅಂತ ದಿನ ಎಣಿಸೋಳು ನಾನೇ. ಆ ದಿನಗಳಲ್ಲಿ ಅವರು ಸಂಜೆ ಮನೆಯಲ್ಲಿರುತ್ತಾರೆ. ಸಂಬಳ ಪೂರ್ತಿ ಕೈಗೆ ಬರುತ್ತೆ. ಚಿಕ್ಕವನು ಅವರ ಪಕ್ಕದಲ್ಲೇ ಕೂತು ಮಗ್ಗಿ ಹೇಳುತ್ತಾನೆ, ಬೇರೆ ದಿನ ಬೈಕ್ ಸದ್ದು ಕೇಳಿದರೆ ಒಳಗೆ ಓಡುತ್ತಾನೆ. ನೀವು ಸಂಯಮ ಅನ್ನಿ, ರಜೆ ಅನ್ನಿ, ನಾಟಕ ಅನ್ನಿ. ನನಗೆ ಅದು ಬೇಕು.

ಕೆರೆಏರಿ_ಹುಡುಗ

ಅತ್ತಿಗೆ, ಇದಕ್ಕೆ ನಾನು ಏನು ಹೇಳಲಿ. ಆದರೆ ನೀವು ಹೇಳಿದ್ದೇ ನನ್ನ ಮಾತಿಗೂ ಬಲ ಕೊಡುತ್ತೆ ನೋಡಿ. 48 ದಿನ ಆಗುತ್ತೆ ಅಂದರೆ ಅವರಿಗೆ ಬಿಡೋ ಶಕ್ತಿ ಇದೆ ಅಂತಾಯಿತು. ಹಾಗಿದ್ದೂ ಬಿಡಲ್ಲ ಅಂದರೆ ಅದು ಇನ್ನೂ ದೊಡ್ಡ ತಪ್ಪಲ್ವಾ?

ರಾತ್ರಿಪಾಳಿ_ಸಿಸ್ಟರ್

ಶಕ್ತಿ ಇದೆ, ಇಲ್ಲ ಅನ್ನೋ ಚರ್ಚೆಗೆ ಮುಂಚೆ ಒಂದು ವಿಷಯ ಹೇಳಲೇಬೇಕು. ನಾನು ಎಮರ್ಜೆನ್ಸಿ ವಾರ್ಡಿನ ನರ್ಸ್. ಪ್ರತಿ ವರ್ಷ ಇದೇ ಸಮಯಕ್ಕೆ ಕಪ್ಪು ಪಂಚೆಯವರು ಸ್ಟ್ರೆಚರ್ ಮೇಲೆ ಬರುತ್ತಾರೆ.

ವರ್ಷಾನುಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ದೇಹ ತಡೆಯಲ್ಲ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲದಿರೋದು ಶುರುವಾಗುತ್ತೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತೆ, ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ಯಾರೋ ಕರೆಯುತ್ತಿದ್ದಾರೆ ಅನ್ನುತ್ತಾರೆ, ಜ್ವರ ಬರುತ್ತೆ, ಎಲ್ಲಿದ್ದೀವಿ ಅಂತ ಗೊತ್ತಾಗಲ್ಲ. ಇದರಲ್ಲಿ ಜೀವ ಹೋಗುತ್ತೆ. ಮನೆಯವರು ಏನು ಅಂದ್ಕೋತಾರೆ ಗೊತ್ತಾ? ವ್ರತದಲ್ಲಿ ಏನೋ ತಪ್ಪಾಗಿದೆ, ಸ್ವಾಮಿ ಕೋಪ ಮಾಡಿಕೊಂಡಿದ್ದಾನೆ ಅಂತ. ಕಾಣಿಕೆ ಕಟ್ಟಿಟ್ಟು, ಭಸ್ಮ ಹಚ್ಚಿ, ಒಂದು ರಾತ್ರಿ ಕಳೆದ ಮೇಲೆ ಕರೆದುಕೊಂಡು ಬರುತ್ತಾರೆ. ಇಂಥವರಿಗೆ ವಿಟಮಿನ್ ಬಿ1 ಇಂಜೆಕ್ಷನ್, ನಡುಕ ಇಳಿಸೋ ಮಾತ್ರೆ ಕೊಟ್ಟು ಕೆಲವು ದಿನ ಇಟ್ಟುಕೊಂಡರೆ ಹೆಚ್ಚಿನವರು ಸುಧಾರಿಸುತ್ತಾರೆ.

ಅದಕ್ಕೇ ಹೇಳೋದು, ದಿನಾ ಕುಡಿಯೋ ಅಭ್ಯಾಸ ಇದ್ದರೆ ಮಾಲೆ ಹಾಕೋ ಮುಂಚೆ ಡಾಕ್ಟರ್ ಹತ್ತಿರ ಹೋಗಿ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆ ಅಂತಲೇ ಬೇರೆ ವಿಭಾಗ ಇದೆ. ಅಷ್ಟು ದೂರ ಆಗಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಬಯಲುಸೀಮೆ_ಗೌಡ

ಸಿಸ್ಟರ್, ಇದು ನಿಜ. ನಮ್ಮ ಗುಂಪಿನಲ್ಲಿ ಮೊದಲ ಸಲ ಮಾಲೆ ಹಾಕಿದ ಒಬ್ಬ ಕನ್ನಿಸ್ವಾಮಿಗೆ ಮೂರನೇ ದಿನ ಹೀಗೇ ಆಗಿತ್ತು. ನಮ್ಮ ಗುರುಸ್ವಾಮಿ ಈಗ ಮಾಲೆ ಹಾಕೋ ಮುಂಚೆ "ದಿನಾ ತಗೋತೀಯಾ" ಅಂತ ಪಕ್ಕಕ್ಕೆ ಕರೆದು ಕೇಳುತ್ತಾರೆ. ಹೌದು ಅಂದರೆ ಮೊದಲು ಆಸ್ಪತ್ರೆ, ಆಮೇಲೆ ಮಾಲೆ.

ಉಡುಪಿ_ಮಾಣಿ

ನಾನು ಬೇರೆ ಕಡೆಯಿಂದ ಬರುತ್ತೇನೆ. ಕುಡಿತದ ಮಾತಾದರೆ ಕೆಟ್ಟದ್ದನ್ನು ಬಿಡಬೇಕು ಅಂತ ಎಲ್ಲರಿಗೂ ಗೊತ್ತು. ನಮ್ಮ ಅಜ್ಜಿ ಮಾಡುವ ಚಾತುರ್ಮಾಸ್ಯದಲ್ಲಿ ಬಿಡೋದು ಏನನ್ನು? ತರಕಾರಿ!

ಮಾಧ್ವರ ಮನೆಗಳಲ್ಲಿ ಆಷಾಢದ ಏಕಾದಶಿಯಿಂದ ನಾಲ್ಕು ತಿಂಗಳು ನಾಲ್ಕು ವ್ರತ. ಮೊದಲ ತಿಂಗಳು ಶಾಕವ್ರತ, ಕಾಯಿಪಲ್ಲೆ, ಸೊಪ್ಪು ಇಲ್ಲ. ಹುಣಸೆಹಣ್ಣು, ಮೆಣಸಿನಕಾಯಿ, ಸಾಸಿವೆ ಕೂಡ ಇಲ್ಲ. ಎರಡನೇ ತಿಂಗಳು ದಧಿವ್ರತ, ಮೊಸರು ಮಜ್ಜಿಗೆ ಬಂದ್. ಮೂರನೆಯದು ಕ್ಷೀರವ್ರತ, ಹಾಲು ಬಂದ್, ಮೊಸರು ವಾಪಸ್. ನಾಲ್ಕನೆಯದು ದ್ವಿದಳ, ಬೇಳೆಕಾಳು ಇಲ್ಲ. ಇದರಲ್ಲಿ ಯಾವುದಾದರೂ ಕೆಟ್ಟ ಪದಾರ್ಥ ಇದೆಯಾ? ಒಂದೂ ಇಲ್ಲ. ಒಳ್ಳೆಯದನ್ನೇ ಸರದಿ ಮೇಲೆ ಬಿಡೋದು. ಅವಧಿ ಮುಗಿದ ಮೇಲೆ ತಿನ್ನೋದೂ ವ್ರತದ ಒಳಗೇ ಬರುತ್ತೆ. ಅಜ್ಜಿ ದಧಿವ್ರತ ಮುಗಿದ ದಿನ ಮೊಸರನ್ನಕ್ಕೆ ಕೂತರೆ ಅವರನ್ನು ಮಾತಾಡಿಸೋ ಹಾಗಿಲ್ಲ, ಅಷ್ಟು ಖುಷಿ. ಕೆರೆಏರಿಯವರ ಲೆಕ್ಕದಲ್ಲಿ ಅಜ್ಜಿಗೂ ಸಂಯಮ ಇಲ್ಲ ಅಂತಾಯಿತಲ್ಲ?

ಹಾಂ, ಮನೆಯ ಗಂಡಸರ ಏಕಾದಶಿ ಬಗ್ಗೆ ಕೇಳಬೇಡಿ. ಬೆಳಗ್ಗೆ ಅವಲಕ್ಕಿ, ಮಧ್ಯಾಹ್ನ ಸಜ್ಜಿಗೆ, ಸಂಜೆ ಹಣ್ಣು, ರಾತ್ರಿ ಮತ್ತೆ ಅವಲಕ್ಕಿ. ಬೇರೆ ದಿನಕ್ಕಿಂತ ಜಾಸ್ತಿ ತಿನ್ನುತ್ತಾರೆ.

ಕಲಬುರಗಿ_ಬಾಷಾ

ಮಾಣಿ ಹೇಳಿದ್ದು ಸರಿ ಅನಿಸಿತು. ನಮ್ಮ ರೋಜಾದಲ್ಲೂ ಹೀಗೇ ಇದೆ. ಹಗಲು ನಾವು ಬಿಡೋದು ಅನ್ನ, ನೀರು. ಎರಡೂ ಹಲಾಲ್. ಹರಾಮ್ ಆದದ್ದು ರಂಜಾನ್ ಇರಲಿ ಬಿಡಲಿ ವರ್ಷಪೂರ್ತಿ ಹರಾಮೇ. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು ಗೊತ್ತಲ್ಲ, ಆ ಬಿಸಿಲಲ್ಲಿ ರೋಜಾ ಬಂದ ವರ್ಷಗಳಲ್ಲಿ ನೀರಿನ ಕೊಡ ಎದುರಿಗೇ ಇರುತ್ತಿತ್ತು, ಬಾಗಿಲು ಹಾಕಿದರೆ ಯಾರಿಗೂ ಕಾಣಲ್ಲ. ಕುಡಿದರೆ ಹಿಡಿಯೋರು ಯಾರು? ಯಾರೂ ಇಲ್ಲ. ಆದರೂ ಕುಡಿಯಲ್ಲ. ಯಾರೂ ನೋಡದೆ ಇದ್ದಾಗಲೂ ನಿಲ್ಲಿಸಬೇಕು ಅಂತ ಕೆರೆಏರಿ ಭಾಯಿ ಕೇಳಿದ್ದರಲ್ಲ, ಇದು ಅದೇ ತಾನೇ.

ಇನ್ನೊಂದು ಮಾತು. ಕಾಯಿಲೆಯವರಿಗೆ, ಪ್ರಯಾಣದಲ್ಲಿ ಇರುವವರಿಗೆ ಬಿಡುವಿದೆ, ತಪ್ಪಿದ ದಿನ ಆಮೇಲೆ ತೀರಿಸಬಹುದು. ಹೆಂಗಸರು ಮುಟ್ಟಿನ ದಿನಗಳ ರೋಜಾವನ್ನು ಆಮೇಲೆ ಒಂದೊಂದಾಗಿ ಇಡುತ್ತಾರೆ, ಆಗ ಮನೆಯಲ್ಲಿ ಉಳಿದವರೆಲ್ಲ ಊಟ ಮಾಡುತ್ತಿರುತ್ತಾರೆ. ರಂಜಾನ್‌ನಲ್ಲಿ ಊರೇ ಜೊತೆಗಿರುತ್ತೆ, ಕಷ್ಟ ಗೊತ್ತಾಗಲ್ಲ. ನಮ್ಮ ಅಮ್ಮ ಒಬ್ಬರೇ ಇಟ್ಟ ಆ ರೋಜಾಗಳನ್ನು ನೋಡಿದ ಮೇಲೆ ನನ್ನದು ಏನೂ ಅಲ್ಲ ಅನಿಸಿದೆ. ಇಫ್ತಾರ್ ಹೊತ್ತಿಗೆ ಹಲೀಮ್ ಅಂಗಡಿ ಮುಂದೆ ನಮ್ಮ ಸಂಯಮ ಎಲ್ಲಿರುತ್ತೆ ಅಂತ ಮಾತ್ರ ಕೇಳಬೇಡಿ.

ಕಡಲ_ಬದಿ_ಬಾಯಿ

ಮಂಗಳೂರಿನ ಕ್ಯಾಥೊಲಿಕ್ ಮನೆಯವಳು ನಾನು. ನಮ್ಮಲ್ಲಿ ಇದಕ್ಕೆ ಕಾನೂನೇ ಇದೆ. ಉಪವಾಸ ಬೇರೆ, ಮಾಂಸ ಬಿಡೋದು ಬೇರೆ. ಉಪವಾಸ ಅಂದರೆ ದಿನಕ್ಕೆ ಒಂದೇ ಹೊಟ್ಟೆ ತುಂಬಾ ಊಟ, ಅದು 18 ತುಂಬಿದವರಿಂದ 59ರವರೆಗೆ. ಮಾಂಸ ಬಿಡೋದು 14 ತುಂಬಿದವರಿಗೆಲ್ಲ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೂ ಸೇರುತ್ತೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಉಳಿದ ಶುಕ್ರವಾರ ಮಾಂಸ ಮಾತ್ರ ಇಲ್ಲ.

ಆದರೆ ಮೀನು ಮಾಂಸದ ಲೆಕ್ಕಕ್ಕೆ ಬರಲ್ಲ. ಈಗ ನೀವೇ ಹೇಳಿ, ಶುಕ್ರವಾರ ಕೋಳಿ ಬಿಟ್ಟು ಅಂಜಲ್ ಫ್ರೈ ತಿಂದರೆ ಮಂಗಳೂರಿನವರಿಗೆ ಅದು ತ್ಯಾಗವಾ? ನಮ್ಮ ಮಾಯಿ ಅದಕ್ಕೇ ಶುಕ್ರವಾರ ಮೀನೂ ಮಾಡುತ್ತಿರಲಿಲ್ಲ, ಗಂಜಿ ಚಟ್ನಿ ಅಷ್ಟೇ. ನಿಯಮದಲ್ಲಿ ಇಲ್ಲವಲ್ಲ ಮಾಯಿ ಅಂದರೆ, ನಿಯಮ ಇರೋದು ನಿನ್ನಂಥವರಿಗೆ ಅನ್ನುತ್ತಿದ್ದರು.

ಖಾಲಿ_ತಟ್ಟೆ

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ಬಿಡೋಕೆ ಮೊದಲು ಇರಬೇಕಲ್ವಾ?

ಒಪ್ಪತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ ಅಂತ ಗಾದೆ. ನಮ್ಮಪ್ಪ ಚಿಕ್ಕವರಿದ್ದಾಗ ಮನೆಯಲ್ಲಿ ಎಲ್ಲರೂ ಯೋಗಿಗಳೇ, ಎರಡನೇ ಹೊತ್ತಿಗೆ ಹಿಟ್ಟೇ ಇರುತ್ತಿರಲಿಲ್ಲ. ಅದಕ್ಕೆ ಯಾರೂ ಉಪವಾಸ ಅನ್ನಲಿಲ್ಲ, ಕೈ ಮುಗಿಯಲಿಲ್ಲ. ಉಣ್ಣೋಕೆ ಇದ್ದವನು ಬಿಟ್ಟರೆ ವ್ರತ, ಇಲ್ಲದವನು ಬಿಟ್ಟರೆ ಹಣೆಬರಹ.

ಕುಡಿತದ ಮಾತಿಗೆ ಬರೋಣ. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ಪ್ಯಾಕೆಟ್ ಸಾರಾಯಿ ಹೋಯಿತು, ಕೂಲಿಯವರಿಗೆ ಸಂಯಮ ಬಂತಾ? ಅದೇ ಜನ ಜಾಸ್ತಿ ದುಡ್ಡು ಕೊಟ್ಟು ಕ್ವಾರ್ಟರ್ ಬಾಟ್ಲಿಗೆ ಹೋದರು. ಅಬಕಾರಿ ದುಡ್ಡು ಇಲ್ಲದಿದ್ದರೆ ಬಜೆಟ್ಟೇ ಅಲ್ಲಾಡುತ್ತೆ. ಒಂದು ಕೈಯಲ್ಲಿ ಮಾರಿ ಇನ್ನೊಂದು ಕೈಯಲ್ಲಿ 'ಕುಡಿತ ಬಿಡಿ' ಅಂತ ಗೋಡೆ ಬರಹ ಬರೆಸುತ್ತಾರೆ. ಸಂಯಮ ಯಾವಾಗಲೂ ಕುಡಿಯುವವನಿಗೆ ಮಾತ್ರ ಯಾಕೆ? ಮಾರುವವನಿಗೆ ಬೇಡವಾ?

ನಿರ್ವಾಹಕರು

ಜಾತಿ, ಧರ್ಮ ಹಿಡಿದು ಬೈದ ಎರಡು ಕಾಮೆಂಟ್ ತೆಗೆದಿದ್ದೇವೆ. ಬೇರೆಯವರ ವ್ರತವನ್ನು ಆಡಿಕೊಳ್ಳೋದು ಬೇಡ. ನಿಮ್ಮ ಮನೆಯದನ್ನು ಆಡಿಕೊಳ್ಳಲು ಅಡ್ಡಿ ಇಲ್ಲ.

ಚಿಕ್ಕಬೆಟ್ಟ

ಜೈನರ ಕಡೆಯಿಂದ ಒಂದಿಷ್ಟು. ಭಾದ್ರಪದದಲ್ಲಿ ಹತ್ತು ದಿನ ದಶಲಕ್ಷಣ ಪರ್ವ ಬರುತ್ತೆ, ದಿನಕ್ಕೊಂದು ಗುಣ. ಅದರಲ್ಲಿ ಸಂಯಮಕ್ಕೆ ಒಂದು ದಿನ, ತಪಕ್ಕೆ ಇನ್ನೊಂದು, ತ್ಯಾಗಕ್ಕೆ ಮತ್ತೊಂದು. ಮೂರೂ ಬೇರೆ ಬೇರೆ. ಉಪವಾಸ ತಪಸ್ಸಿಗೆ ಸೇರುತ್ತೆ. ನನ್ನದು ಅಂತ ಹಿಡಿದಿದ್ದನ್ನು ಬಿಡೋದು, ಕೊಡೋದು ತ್ಯಾಗ. ಸಂಯಮ ಅಂದರೆ ಕಣ್ಣು, ಕಿವಿ, ನಾಲಗೆ ಎಳೆದ ಕಡೆ ಹೋಗದೆ ಇರೋದು, ಓಡಾಡುವಾಗ ಜೀವಿಗಳಿಗೆ ನೋವಾಗದ ಹಾಗೆ ನೋಡಿಕೊಳ್ಳೋದು. ಹಾಗಾಗಿ ಮಾಲೆ ಹಾಕುವ ಅಣ್ಣ ಮಾಡುತ್ತಿರುವುದನ್ನು ನಾನು ತಪಸ್ಸು ಅನ್ನುತ್ತೇನೆ. ಅದು ಸುಳ್ಳಲ್ಲ, ಅದಕ್ಕೂ ಬೆಲೆ ಇದೆ.

ನಮ್ಮ ಮನೆಯಲ್ಲಿ ದಿನನಿತ್ಯದ್ದು ತುಂಬಾ ಸಾದಾ. ಹೊತ್ತು ಮುಳುಗುವ ಮುಂಚೆ ಊಟ, ಆಲೂಗಡ್ಡೆ ಈರುಳ್ಳಿ ಮೂಲಂಗಿ ತರೋದೇ ಇಲ್ಲ. ಇದಕ್ಕೆ ಯಾರೂ ಹೊಗಳಲ್ಲ, ಹುಟ್ಟಿದಾಗಿನಿಂದ ಹೀಗೇ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲಿ ಹಾಕಿಸಿಕೊಂಡು ತಿನ್ನುತ್ತಾರೆ. ನೀರೂ ಆಗಲೇ.

ಇದರ ತುದಿ ಸಲ್ಲೇಖನ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಬಂಡೆ ಮೇಲೆ ಅನ್ನ ನೀರು ಬಿಟ್ಟು ದೇಹ ಬಿಟ್ಟವರ ಶಾಸನಗಳು ಕಾಲಡಿಯಲ್ಲೇ ಸಿಗುತ್ತವೆ, ಈಗ ಗಾಜು ಹಾಕಿ ಕಾಪಾಡಿದ್ದಾರೆ. ಹಳೆಯವು ಸುಮಾರು 600ನೇ ಇಸವಿ ಹೊತ್ತಿನವು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದು ಆತ್ಮಹತ್ಯೆಗೆ ಸಮ ಅಂದಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನನಗೆ ಕೇಳಿದರೆ, ಜೀವನದ ಮೇಲೆ ಬೇಸರ ಬಂದು ಸಾಯೋದಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಆದರೆ ಮನೆಯ ಹಿರಿಯರು ಮನಸಾರೆ ಒಪ್ಪಿದ್ದಾರಾ, ಸುತ್ತಲಿನವರ ಒತ್ತಾಯವಾ ಅಂತ ಹೊರಗಿನವರು ಕೇಳಿದರೆ ನಾವು ಸಿಟ್ಟಾಗಬಾರದು. ಅದು ನ್ಯಾಯವಾದ ಪ್ರಶ್ನೆ.

ಸಾಫ್ಟ್‌ವೇರ್_ಶಾಣ್ಯಾ

ಇಷ್ಟು ದೊಡ್ಡ ವಿಷಯದ ನಡುವೆ ನನ್ನದೊಂದು ಸಣ್ಣ ಸಂಶೋಧನೆ. ಆಫೀಸ್ ಪಾರ್ಟಿಯಲ್ಲಿ ಗ್ಲಾಸ್ ಬೇಡ ಅನ್ನಬೇಕು. ಏನು ಹೇಳಿದರೆ ಏನಾಗುತ್ತೆ:

"ಬೇಡ" ಅಂದರೆ ಯಾರೂ ಕೇಳಲ್ಲ, ಒಂದೇ ಒಂದು ತಗೋ ಅನ್ನುತ್ತಾರೆ. "ನಾನು ಕುಡಿಯಲ್ಲ" ಅಂದರೆ ಯಾಕೆ ಅಂತ ಅರ್ಧ ಗಂಟೆ ವಿಚಾರಣೆ. "ಬಿಟ್ಟಿದ್ದೀನಿ" ಅಂದರೆ ಇನ್ನೂ ಕಷ್ಟ, ಅನುಮಾನದಿಂದ ನೋಡುತ್ತಾರೆ, ಮೊದಲು ಎಷ್ಟು ಕುಡಿಯುತ್ತಿದ್ದೆ ಅಂತ ಕೇಳುತ್ತಾರೆ. "ಆಂಟಿಬಯಾಟಿಕ್ ತಗೋತಿದ್ದೀನಿ" ಅಂದರೆ ಆ ಸಂಜೆಗೆ ಬಚಾವ್. "ಶ್ರಾವಣ ಕಣೋ" ಅಂದರೆ ತಿಂಗಳಿಗೆ ಬಚಾವ್. "ಮಾಲೆ ಹಾಕಿದ್ದೀನಿ" ಅಂದರೆ ಒತ್ತಾಯ ಮಾಡುತ್ತಿದ್ದವನೇ ಗ್ಲಾಸ್ ಹಿಂದೆ ಮುಚ್ಚಿಟ್ಟು "ಸಾರಿ ಸ್ವಾಮಿ" ಅನ್ನುತ್ತಾನೆ.

ಸುಮ್ನೆ ನನಗೆ ಇಷ್ಟ ಇಲ್ಲ ಅನ್ನೋದಕ್ಕೆ ನಮ್ಮಲ್ಲಿ ಮರ್ಯಾದೆನೇ ಇಲ್ಲ. ದೇವರೋ ಡಾಕ್ಟರೋ ಬೇಡ ಅನ್ನಬೇಕು. ಕೆರೆಏರಿ ಅಣ್ಣ ಕೇಳುತ್ತಿರುವ, ಯಾರ ಹೆಸರೂ ಹೇಳದೆ ಬಿಡೋ ಸಂಯಮ ಇದೆಯಲ್ಲ, ಅದನ್ನು ಮಾಡೋಕೆ ಜನ ಬಿಡೋದೇ ಇಲ್ಲ.

ಹಳೇ_ಗಿರಾಕಿ

ಇಲ್ಲಿಯವರೆಗೂ ಓದುತ್ತಾ ಕೂತಿದ್ದೆ. ಶಾಣ್ಯಾ ಬರೆದಿದ್ದು ನೋಡಿ ಬರೆಯಬೇಕು ಅನಿಸಿತು. ನಾನು ಕುಡಿತ ಬಿಟ್ಟು ಬಹಳ ವರ್ಷವಾಯಿತು.

ನಾನೂ ಮಾಲೆ ಹಾಕಿದವನೇ. ಆಗ ಯಾಕೆ ಆಗುತ್ತಿತ್ತು ಅಂತ ಆಮೇಲೆ ತುಂಬಾ ಯೋಚನೆ ಮಾಡಿದ್ದೇನೆ. ಬೆಳಗ್ಗೆ ಏಳೋ ಹೊತ್ತು ಗೊತ್ತು, ಸಂಜೆ ಆರಕ್ಕೆ ಎಲ್ಲಿ ಇರಬೇಕು ಅಂತ ಗೊತ್ತು, ಜೊತೆಗೆ ಇಪ್ಪತ್ತು ಜನ, ಬಾರ್ ಓನರೇ ಒಳಗೆ ಬಿಡಲ್ಲ. ಮಾಲೆ ಬಿಚ್ಚಿದ ಸಂಜೆ ಆರಕ್ಕೆ ಇದ್ಯಾವುದೂ ಇಲ್ಲ. ಭಜನೆ ಇಲ್ಲ, ಗುಂಪಿಲ್ಲ, ಸ್ವಾಮಿ ಅನ್ನೋರಿಲ್ಲ. ಆ ಸಂಜೆ ಆರು ಗಂಟೆ ಇದೆಯಲ್ಲ, ಕುಡಿಯುವವನಿಗೆ ಮಾತ್ರ ಗೊತ್ತು ಅದು ಎಷ್ಟು ಉದ್ದ ಅಂತ. ಜನ ಹೇಳೋ 'ಮನಸ್ಸಿನ ಗಟ್ಟಿತನ' ನನಗೆ ಮಾಲೆ ಇದ್ದಾಗಲೂ ಇರಲಿಲ್ಲ, ಬಿಚ್ಚಿದಾಗಲೂ ಇರಲಿಲ್ಲ. ಇದ್ದದ್ದು ಸುತ್ತಲಿನ ವ್ಯವಸ್ಥೆ.

ಆಮೇಲೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಮ್ಮ ತಾಲೂಕಲ್ಲಿ ಮದ್ಯವರ್ಜನ ಶಿಬಿರ ಮಾಡಿದರು, ಹೆಂಡತಿ ಹೆಸರು ಬರೆಸಿದಳು. ಶಿಬಿರ ಮುಗಿದ ಮೇಲೂ ವಾರಕ್ಕೊಮ್ಮೆ ಸೇರುತ್ತಿದ್ದೆವು. ಪಟ್ಟಣಕ್ಕೆ ಬಂದ ಮೇಲೆ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿಗೆ ಹೋಗಲು ಶುರು ಮಾಡಿದೆ. 1935ರಲ್ಲಿ ಅಮೆರಿಕದ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು ಅದು. ದುಡ್ಡಿಲ್ಲ, ಹೆಸರು ಕೇಳಲ್ಲ. ಅಲ್ಲಿ ಜನ್ಮಪೂರ್ತಿ ಕುಡಿಯಲ್ಲ ಅಂತ ಆಣೆ ಹಾಕಿಸಲ್ಲ. ಇವತ್ತು ಬೇಡ, ಅಷ್ಟೇ. ನಾಳೆದು ನಾಳೆ.

ಮಿತವಾಗಿ ಕುಡಿ ಅಂತ ಬುದ್ಧಿ ಹೇಳೋರಿಗೆ ಒಂದು ಮಾತು. ಕೆಲವರಿಗೆ ಮಿತ ಅನ್ನೋದು ಆಗುತ್ತೆ. ನನಗೆ ಆಗಲ್ಲ. ಮೊದಲ ಗುಟುಕು ನನ್ನ ಕೈಯಲ್ಲಿದೆ, ಎರಡನೆಯದು ಇಲ್ಲ. ಆದ್ದರಿಂದ ಮೊದಲನೆಯದೇ ಬೇಡ.

ಬಯಲುಸೀಮೆ_ಗೌಡ

ಅಣ್ಣಾ, ದೊಡ್ಡ ನಮಸ್ಕಾರ. ಆರು ಗಂಟೆ ವಿಷಯ ನೂರಕ್ಕೆ ನೂರು ನಿಜ.

ಮೇಷ್ಟ್ರು_ನಿವೃತ್ತ

ಮಾತು ಕೊಟ್ಟ ಮೇಲೆ ಅದರ ಅಕ್ಷರ ಹಿಡಿಯಬೇಕೋ ಅರ್ಥ ಹಿಡಿಯಬೇಕೋ ಅನ್ನೋ ಕಷ್ಟ ಗಾಂಧೀಜಿಗೂ ಬಂದಿತ್ತು. 1912ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಇದ್ದಾಗ ಹಾಲು ಬಿಟ್ಟರು. 1918ರಲ್ಲಿ ಭೇದಿ ಹತ್ತಿ ಸಾಯುವ ಸ್ಥಿತಿಗೆ ಬಂದರು. ಡಾಕ್ಟರು ಹಾಲು ಕುಡಿಯದೆ ಆಗಲ್ಲ ಅಂದರು. ಕಸ್ತೂರಬಾ ಅಲ್ಲೇ ನಿಂತಿದ್ದವರು, ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಹಸು ಎಮ್ಮೆ ಹಾಲು ತಾನೇ, ಆಡಿನ ಹಾಲಿಗೆ ಏನಡ್ಡಿ ಅಂದರು. ಕುಡಿದರು, ಚೇತರಿಸಿಕೊಂಡರು. ಆದರೆ ಪ್ರತಿಜ್ಞೆಯ ಅಕ್ಷರ ಉಳಿಯಿತು, ಅರ್ಥ ಹೋಯಿತು ಅನ್ನೋ ಕೊರಗು ಅವರಿಗೆ ಹೋಗಲಿಲ್ಲ, ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ನನಗೆ ಇಲ್ಲಿ ಕಸ್ತೂರಬಾ ಮಾತೇ ಹೆಚ್ಚು ಇಷ್ಟ. ಇವರು ವ್ರತ ಹಿಡಿದರೆ ರಾತ್ರಿಯೆಲ್ಲ ಕೂತು ನೋಡಿಕೊಳ್ಳುವವರು ಅವರು ತಾನೇ. ಅತ್ತಿಗೆಯವರು ಬರೆದದ್ದೂ ಅದೇ ಅಲ್ವಾ.

ಅಡಿಗೆಮನೆ_ಅತ್ತಿಗೆ

ಮೇಷ್ಟ್ರೇ, ಇದನ್ನ ನಮ್ಮನೆಯವರಿಗೆ ಓದಿ ಹೇಳಿದೆ. "ಗಾಂಧೀಜಿ ಮಾಲೆ ಹಾಕಿರಲಿಲ್ಲವಲ್ಲ" ಅಂದರು.

ಹಳೇ ಗಿರಾಕಿ ಅಣ್ಣ, ನಿಮ್ಮ ಹೆಂಡತಿ ಶಿಬಿರಕ್ಕೆ ಹೇಗೆ ಒಪ್ಪಿಸಿದರು ಅಂತ ಸ್ವಲ್ಪ ಬರೆಯುತ್ತೀರಾ? ನಾನು ಮಾತು ತೆಗೆದರೆ ಸಾಕು, ನಾನೇನು ಕುಡುಕನಾ ಅನ್ನುತ್ತಾರೆ.

ಹಳೇ_ಗಿರಾಕಿ

ತಂಗಿ, ಕುಡಿದಿದ್ದಾಗ ಮಾತು ತೆಗೆಯಬೇಡ, ಕುಡಿದ ಮಾರನೇ ಬೆಳಗ್ಗೆಯೂ ಬೇಡ, ಆಗ ನಾಚಿಕೆಗೆ ಏನು ಬೇಕಾದರೂ ಒಪ್ಪಿಕೊಳ್ಳುತ್ತೇವೆ, ಸಂಜೆಗೆ ಮರೆಯುತ್ತೇವೆ. ನಮ್ಮವಳು ಮಾಲೆ ಇದ್ದಾಗಲೇ ಮಾತಾಡಿದಳು. ನನ್ನ ತಲೆ ಚೆನ್ನಾಗಿ ಓಡುತ್ತಿದ್ದ ದಿನಗಳು ಅವೇ. "ಕುಡುಕ" ಅನ್ನಲಿಲ್ಲ. ಮಾಲೆ ಬಿಚ್ಚಿದ ಮೇಲೆ ಸಂಜೆ ಎಲ್ಲಿರುತ್ತೀರಿ ಅಂತ ಮಾತ್ರ ಕೇಳಿದಳು, ನನ್ನ ಹತ್ತಿರ ಉತ್ತರ ಇರಲಿಲ್ಲ. ಗುರುಸ್ವಾಮಿಗೂ ಹೇಳಿದ್ದಳು. ಅವರ ಮಾತನ್ನು ಮಾಲೆ ಬಿಚ್ಚಿದ ಮೇಲೂ ತೆಗೆದುಹಾಕೋಕೆ ಆಗಲಿಲ್ಲ.

ಒಂದು ಎಚ್ಚರ. ಒಂದೂವರೆ ತಿಂಗಳು ಬಿಟ್ಟವರು ಮೊದಲಿನಷ್ಟೇ ಒಮ್ಮೆಲೇ ಕುಡಿದರೆ ದೇಹಕ್ಕೆ ಆ ಅಭ್ಯಾಸ ತಪ್ಪಿರುತ್ತೆ. ನಮ್ಮ ಕಡೆ ಹಾಗೆ ಅನಾಹುತ ಆಗಿದೆ. ಸಿಸ್ಟರ್ ಸರಿಯಾಗಿ ಹೇಳಬಹುದು.

ರಾತ್ರಿಪಾಳಿ_ಸಿಸ್ಟರ್

ಹೌದು. ಬಿಟ್ಟ ಮೇಲೆ ತಡೆಯೋ ಶಕ್ತಿ ಕಮ್ಮಿಯಾಗುತ್ತೆ, ಹಳೇ ಲೆಕ್ಕದಲ್ಲಿ ಕುಡಿದರೆ ಅಪಾಯ ಜಾಸ್ತಿ, ಅದರ ಮೇಲೆ ಗಾಡಿ ಓಡಿಸುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಕೂಡ ಉಪವಾಸ, ರೋಜಾ ಯಾವುದೇ ಇರಲಿ, ಮೊದಲೇ ಡಾಕ್ಟರನ್ನ ಕೇಳಿ ಡೋಸ್ ಬದಲಾಯಿಸಿಕೊಳ್ಳಿ. ಸಕ್ಕರೆ ಇಳಿದು ಬೀಳೋರು ಕಮ್ಮಿ ಇಲ್ಲ.

ಕೆರೆಏರಿ_ಹುಡುಗ

ಎಲ್ಲರ ಮಾತೂ ಓದಿದೆ. ಮಾಲೆ ಬಿಚ್ಚಿ ಬಾರಿಗೆ ಹೋಗೋದನ್ನ ಸಂಯಮ ಅಂತ ನಾನು ಈಗಲೂ ಕರೆಯಲ್ಲ. ಚಿಕ್ಕಬೆಟ್ಟದವರು ಹೇಳಿದ ಹಾಗೆ ತಪಸ್ಸು ಅಂತ ಬೇಕಾದರೆ ಒಪ್ಪುತ್ತೇನೆ. ಅಣ್ಣನ ಜೊತೆ ಈ ಸಲ ಮಾತಾಡೋದಾದರೆ ಮಾಲೆ ಇರುವಾಗಲೇ ಮಾತಾಡುತ್ತೇನೆ, ಸಂಜೆ ಶಟಲ್ ಆಡೋಕೆ ನಮ್ಮ ಜೊತೆ ಬಾ ಅಂತ ಶುರು ಮಾಡಬೇಕು ಅಂತಿದ್ದೇನೆ. ಬರುತ್ತಾನೋ ಇಲ್ಲವೋ.

ಖಾಲಿ_ತಟ್ಟೆ

ಮಾರುವವನ ಸಂಯಮದ ಬಗ್ಗೆ ಯಾರೂ ಮಾತಾಡಲಿಲ್ಲ, ಗಮನಿಸಿದೆ.

ಸಾಫ್ಟ್‌ವೇರ್_ಶಾಣ್ಯಾ

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಸರ್, ನಾನು ಬರುತ್ತೇನೆ. ಮಾಣಿ, ಒಂದು ಪ್ರಶ್ನೆ. ತರಕಾರಿ, ಹುಣಸೆ, ಮೆಣಸಿನಕಾಯಿ, ಸಾಸಿವೆ ಏನೂ ಇಲ್ಲದೆ ಅಜ್ಜಿ ಸಾರು ಹೇಗೆ ಮಾಡುತ್ತಾರೆ?

ಉಡುಪಿ_ಮಾಣಿ

ಹೆಸರುಬೇಳೆ ಬೇಯಿಸಿ. ಕಾಳುಮೆಣಸು, ಜೀರಿಗೆ ತುಪ್ಪದಲ್ಲಿ ಹುರಿದು ಪುಡಿ ಮಾಡಿ ಹಾಕಿ. ಹುಳಿಗೆ ಒಣಗಿಸಿದ ಮಾವಿನಕಾಯಿ, ಚೂರು ಬೆಲ್ಲ, ಉಪ್ಪು. ಚೆನ್ನಾಗಿ ಕುದಿದ ಮೇಲೆ ತುಪ್ಪದಲ್ಲಿ ಜೀರಿಗೆ ಒಗ್ಗರಣೆ. ಮಠದಿಂದ ಮಠಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತೆ, ವ್ರತಕ್ಕೇ ಮಾಡೋದಾದರೆ ಮನೆಯ ಹಿರಿಯರನ್ನು ಕೇಳಿ. ಸುಮ್ನೆ ತಿನ್ನೋದಾದರೆ ಮಳೆಗಾಲದ ರಾತ್ರಿ ಮಾಡಿ, ತುಪ್ಪ ಜಾಸ್ತಿ ಹಾಕಿ.